ಸತ್ತವರನ್ನು ಕೇಳುವುದು ಹೇಗೆ?

ಕಳೆದ ವರ್ಷ ನಾನು ಹೋಗಿದ್ದ ಒಂದು ವಿಚಾರ ಸಂಕಿರಣ. ಊಟದ ನಂತರದ ಗೋಷ್ಠಿ, ಅರ್ಧ ಸಭಾಂಗಣ ತೂಕಡಿಸುವ ಹೊತ್ತು. ತಂತ್ರಜ್ಞಾನ ಮತ್ತು ಸಂಸ್ಕೃತಿಯ ಬಗ್ಗೆ ಮಾತಾಡುತ್ತಿದ್ದ ಅತಿಥಿಗಳು ಪರದೆಯ ಮೇಲೆ ಒಂದು ವಿಡಿಯೊ ಹಾಕಿದರು. ಉದ್ದನೆಯ ಉಡುಪು ತೊಟ್ಟ ಹೆಂಗಸೊಬ್ಬಳು ಜಪಾನಿ ಭಾಷೆಯಲ್ಲಿ ಹಾಡುತ್ತಿದ್ದಾಳೆ. ಎದುರಿಗೆ ಕೂತ ವಯಸ್ಸಾದವರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. "ಇವಳು ಮಿಸೊರಾ ಹಿಬಾರಿ. ಸತ್ತದ್ದು 1989ರಲ್ಲಿ. ಈ ಹಾಡು ಹಾಡಿದ್ದು 2019ರಲ್ಲಿ!" ಎಂದರು ಅತಿಥಿಗಳು. ತೂಕಡಿಸುತ್ತಿದ್ದವರೂ ಎದ್ದು ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳಿಗೆ ಅವಕಾಶ ಬಂದಾಗ ನಾನು ಕೈ ಎತ್ತಿ ಕೇಳಿದೆ: "ಈ ಹಾಡು ಹಾಡಲು ಆಕೆಗೆ ಇಷ್ಟವಿತ್ತೇ ಎಂದು ಯಾರಾದರೂ ಯೋಚಿಸಿದರಾ ಸರ್?" ಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದ ಹಿರಿಯರು ನಕ್ಕರು. "ಸತ್ತವರನ್ನ ಹೋಗಿ ಕೇಳೋಕಾಗುತ್ತೇನಮ್ಮ?" ಎಂದರು. ಸಭೆಯೂ ನಕ್ಕಿತು. ಚಹಾ ಬಂತು. ನಾನು ಕೂತೆ.

ಆ ನಗುವಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಜಪಾನಿ ಭಾಷೆ ನನಗೆ ಅಷ್ಟಕ್ಕಷ್ಟೆ. ನನ್ನ ಪಿಎಚ್.ಡಿ. ಇರುವುದು ಕನ್ನಡದ ಜನಪ್ರಿಯ ಹಾಡುಗಳ ಮೇಲೆ. ಹೋಲಿಕೆಗೆಂದು ಬೇರೆ ದೇಶಗಳ ಜನಪ್ರಿಯ ಸಂಗೀತದ ಬಗ್ಗೆ ಓದುತ್ತಿದ್ದಾಗ ಹಿಬಾರಿ ಸಿಕ್ಕಳು. ಸಿಕ್ಕವಳು ಬಿಡಲಿಲ್ಲ. ನಾಲ್ಕು ವರ್ಷಗಳಿಂದ ಹಾಸ್ಟೆಲಿನ ರಾತ್ರಿಗಳಲ್ಲಿ ಅವಳ ಹಾಡು ಕೇಳಿದ್ದೇನೆ, ಅವಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ನನ್ನ ವಾದ ಇಷ್ಟೇ: ಕೊರಳು ಎಂದರೆ ಹಾಡುವ ಶಕ್ತಿ ಮಾತ್ರವಲ್ಲ, ಹಾಡುವುದಿಲ್ಲ ಎನ್ನುವ ಶಕ್ತಿಯೂ ಹೌದು. ಆ ಎರಡನೆಯ ಶಕ್ತಿಯನ್ನು ಕಿತ್ತುಕೊಂಡು ಮೊದಲನೆಯದನ್ನಷ್ಟೇ ಉಳಿಸಿಕೊಂಡರೆ ನಮ್ಮ ಬಳಿ ಇರುವುದು ಹಿಬಾರಿಯಲ್ಲ, ಹಿಬಾರಿಯ ಬಾಯಿ ಮುಚ್ಚಿಸಿ ಅವಳ ದನಿಯಲ್ಲಿ ಮಾತಾಡುವ ಇನ್ಯಾರೋ.

ಮೊದಲು ಅವಳು ಯಾರು ಎಂದು ಹೇಳಬೇಕು. ಹೆಸರು ಕಾತೊ ಕಜುಎ. ಹುಟ್ಟಿದ್ದು 1937ರ ಮೇ 29ರಂದು, ಬಂದರು ನಗರ ಯೊಕೊಹಾಮಾದಲ್ಲಿ. ತಂದೆಗೆ ಮೀನಿನ ಅಂಗಡಿ. 1943ರಲ್ಲಿ ತಂದೆಯನ್ನು ನೌಕಾಪಡೆಗೆ ಕರೆಸಿಕೊಂಡಾಗ ನಡೆದ ಬೀಳ್ಕೊಡುಗೆಯಲ್ಲಿ ಆರು ವರ್ಷದ ಹುಡುಗಿ ಹಾಡಿದಳು. ಕೇಳಿದವರು ಅತ್ತರು. ಮಗಳ ಕೊರಳಿಗೆ ಜನರನ್ನು ಅಳಿಸುವ ಶಕ್ತಿಯಿದೆ ಎಂದು ತಾಯಿ ಕಿಮಿಎಗೆ ಅಂದೇ ಹೊಳೆಯಿತು ಎನ್ನುತ್ತಾರೆ. 1945ರ ಮೇ 29ರಂದು ಅಮೆರಿಕದ ಬಾಂಬರುಗಳು ಯೊಕೊಹಾಮಾವನ್ನು ಸುಟ್ಟವು. ಅದು ಅವಳ ಎಂಟನೆಯ ಹುಟ್ಟುಹಬ್ಬ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ರೇಡಿಯೊದಲ್ಲಿ ಹವ್ಯಾಸಿ ಗಾಯಕರ ಸ್ಪರ್ಧೆ ಶುರುಮಾಡಿತು. ಒಂಬತ್ತು ವರ್ಷದ ಕಜುಎ ಅಲ್ಲಿಗೆ ಹೋಗಿ 'ರಿಂಗೊ ನೊ ಉತಾ', ಅಂದರೆ 'ಸೇಬಿನ ಹಾಡು', ಹಾಡಿದಳು. ಸೋತ ದೇಶದಲ್ಲಿ ಮೊದಲು ಎಲ್ಲರ ಬಾಯಿಗೂ ಬಂದ ಹಾಡು ಅದು. ತೀರ್ಪುಗಾರರು ಅವಳನ್ನು ತೇರ್ಗಡೆ ಮಾಡಲಿಲ್ಲ. ಹಾಡಿದ್ದು ಚೆನ್ನಾಗಿಲ್ಲ ಎಂಬುದು ಕಾರಣವಲ್ಲ. ಚೆನ್ನಾಗಿದೆ, ಆದರೆ ಮಗು ಹಾಡಿದ ಹಾಗಿಲ್ಲ ಎಂಬುದು ಕಾರಣ.

ಈ ತೀರ್ಪನ್ನು ಸ್ವಲ್ಪ ನಿಂತು ನೋಡಿ. ಊರು ಬೂದಿಯಾಗಿದೆ. ಟೋಕಿಯೋದ ಉಯೆನೊ ರೈಲು ನಿಲ್ದಾಣದಲ್ಲಿ ಅನಾಥ ಮಕ್ಕಳು ಮಲಗುತ್ತಿದ್ದಾರೆ. ಬೂಟು ಪಾಲಿಶ್ ಮಾಡಿ, ಸಿಗರೇಟಿನ ತುಂಡು ಆಯ್ದು ಹೊಟ್ಟೆ ಹೊರೆಯುತ್ತಿದ್ದಾರೆ. ಆ ಮಕ್ಕಳಲ್ಲಿ ಯಾರ ದನಿ 'ಮಗುವಿನ ಹಾಗೆ' ಇತ್ತು? ದೊಡ್ಡವರು ಯುದ್ಧ ಮಾಡಿ ಬಾಲ್ಯವನ್ನು ಸುಟ್ಟರು. ಆಮೇಲೆ ಮೇಜಿನ ಹಿಂದೆ ಕೂತು, ನಿನ್ನ ದನಿಯಲ್ಲಿ ಬಾಲ್ಯವೇ ಇಲ್ಲವಲ್ಲ ಎಂದು ಅಂಕ ಕಳೆದರು.

1950ರ ಆರಂಭದಲ್ಲಿ ಇದೇ ಮಾತು ಇನ್ನೂ ಕಟುವಾಗಿ ಬಂತು. ಆ ಹೊತ್ತಿಗೆ ಅವಳು ಮಿಸೊರಾ ಹಿಬಾರಿ. ಮಿಸೊರಾ ಎಂದರೆ ಸುಂದರ ಆಕಾಶ, ಹಿಬಾರಿ ಎಂದರೆ ಹಾಡುತ್ತಲೇ ನೇರ ಮೇಲಕ್ಕೆ ಏರುವ ಒಂದು ಪುಟ್ಟ ಹಕ್ಕಿ. ಅಮೆರಿಕನ್ ಸೈನಿಕರ ಜೊತೆ ಬಂದು ಊರೆಲ್ಲ ಹರಡಿದ್ದ ಬೂಗಿ-ವೂಗಿಯನ್ನು ಈ ಹುಡುಗಿ ಸೊಂಟ ಬಳುಕಿಸುತ್ತ ಹಾಡುತ್ತಿದ್ದಳು. ಕವಿ ಸತೋ ಹಚಿರೋ ಪತ್ರಿಕೆಯಲ್ಲಿ ಬರೆದರು: ದೊಡ್ಡವರನ್ನು ಅಣಕಿಸುವ ಈ ಮಗು ಒಂದು ವಿಕಾರ. ಸತೋ ಮಕ್ಕಳ ಗೀತೆಗಳಿಗೆ ಹೆಸರಾದವರು. ಮಗು ಹೇಗಿರಬೇಕು ಎಂಬ ನಿಯಮ ಅವರ ಬಳಿ ಇತ್ತು. ನಾಲ್ಕು ವರ್ಷಗಳ ಹಿಂದೆ ಅವಳು ರೇಡಿಯೊ ಸ್ಪರ್ಧೆಯಲ್ಲಿ ಹಾಡಿದ 'ಸೇಬಿನ ಹಾಡ'ನ್ನು ಬರೆದವರೂ ಇದೇ ಸತೋ. ತಾಯಿ ಮತ್ತು ಮಗಳು ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರಂತೆ.

ಆದರೆ ಜನ ಏನು ಮಾಡಿದರು? 1949ರಲ್ಲಿ ಹನ್ನೆರಡರ ಹುಡುಗಿ ಉದ್ದ ಟೋಪಿ, ಬಾಲದ ಕೋಟು ತೊಟ್ಟು 'ಕನಾಶಿಕಿ ಕುಚಿಬುಯೆ' ಚಿತ್ರದಲ್ಲಿ ಯುದ್ಧದ ಅನಾಥೆಯಾಗಿ ಹಾಡಿದಾಗ ಥಿಯೇಟರುಗಳು ತುಂಬಿದವು. ಮರುವರ್ಷ 'ಟೋಕಿಯೋ ಕಿಡ್' ಚಿತ್ರದಲ್ಲಿ ಮತ್ತೆ ಬೀದಿಯ ಮಗು. ವಿಮರ್ಶಕರಿಗೆ ವಿಕಾರವಾಗಿ ಕಂಡದ್ದು ಮೀನುಮಾರುಕಟ್ಟೆಯ, ಬಂದರಿನ, ಕಾಳಸಂತೆಯ ಜನಕ್ಕೆ ತಮ್ಮ ಮನೆಯ ಮಗುವಾಗಿ ಕಂಡಿತು. ವಯಸ್ಸಿಗೆ ಮೀರಿದ ದನಿ ಅವರಿಗೆ ವಿಚಿತ್ರವಲ್ಲ. ಅವರ ಮಕ್ಕಳೆಲ್ಲ ವಯಸ್ಸಿಗೆ ಮೀರಿ ಬದುಕುತ್ತಿದ್ದರು.

ಇಲ್ಲಿ ನನಗೆ ಎದುರಾಗುವ ಒಂದು ಆಕ್ಷೇಪವನ್ನು ಈಗಲೇ ಎತ್ತಿಕೊಳ್ಳುತ್ತೇನೆ. ಹಿಬಾರಿಯೂ ಅನುಕರಣೆಯಿಂದಲೇ ಶುರುಮಾಡಿದವಳಲ್ಲವೇ? ಹೌದು. ಆ ಕಾಲದ ಬೂಗಿಯ ರಾಣಿ ಕಸಾಗಿ ಶಿಜುಕೊ. ಹಿಬಾರಿಯನ್ನು ಜನ 'ಬೇಬಿ ಕಸಾಗಿ' ಎಂದೇ ಕರೆದರು. ಕಸಾಗಿಯ ಹಾಡುಗಳನ್ನು ಕಟ್ಟಿದ ಹತ್ತೋರಿ ರಿಯೋಇಚಿಯ ಕಡೆಯಿಂದ, ಈ ಹಾಡುಗಳನ್ನು ನೀನು ಹಾಡಕೂಡದು ಎಂಬ ತಡೆಯೂ ಬಂತು. 1950ರಲ್ಲಿ ಹಿಬಾರಿ ತಾಯಿಯೊಂದಿಗೆ ಹವಾಯಿ, ಕ್ಯಾಲಿಫೋರ್ನಿಯಾಗಳಿಗೆ ಹೊರಟಾಗ ಈ ತಕರಾರು ಜೋರಾಗಿತ್ತು. ಹಾಗಿದ್ದರೆ ಅನುಕರಿಸುವ ಮಗುವಿಗೂ ಅನುಕರಿಸುವ ಯಂತ್ರಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ಇಲ್ಲೇ ಇದೆ. ಮಗುವಿಗೆ 'ಹಾಡಬೇಡ' ಎನ್ನಬಹುದಿತ್ತು, ಅಂದರು. ಅನ್ನಿಸಿಕೊಂಡ ಮಗುವಿಗೆ ನೋವಾಯಿತು, ಅವಮಾನವಾಯಿತು. ಆ ನೋವಿನಿಂದ ಅದು ತನ್ನದೇ ಹಾಡು ಹುಡುಕಿಕೊಂಡಿತು. ಎರಡೇ ವರ್ಷದಲ್ಲಿ, 1952ರಲ್ಲಿ, 'ರಿಂಗೊ ಒಇವಾಕೆ' ಬಂತು. ಅದರಲ್ಲಿ ಕಸಾಗಿಯ ನೆರಳೂ ಇಲ್ಲ. ಉತ್ತರ ಜಪಾನಿನ ಸೇಬಿನ ತೋಟ, ಕುದುರೆ ಹೊಡೆಯುವವರ ಹಾಡಿನ ಎಳೆದ ದನಿ, ನಡುವೆ ತಾಯಿಯನ್ನು ನೆನೆವ ಹುಡುಗಿಯ ಮಾತು. ಬದುಕಿರುವವರು ಮಾಡುವ ಅನುಕರಣೆಗೆ ಉತ್ತರ ಕೊಡಬೇಕಾದ ಹೊಣೆ ಇರುತ್ತದೆ, ಸೋಲುವ ಭಯ ಇರುತ್ತದೆ, ಬೇರೆಯಾಗುವ ದಾರಿ ಇರುತ್ತದೆ. ನಮ್ಮಲ್ಲಿ ಗುರುವಿನ ಪಾಠ ಒಪ್ಪಿಸುವ ಶಿಷ್ಯರೂ ಹೀಗೇ ತಾನೇ ಹಾಡುಗಾರರಾಗುವುದು? ಯಂತ್ರಕ್ಕೆ ಇದರಲ್ಲಿ ಯಾವುದೂ ಇಲ್ಲ.

ಇನ್ನು ಅವಳ ಕೊರಳಿಗೆ ಹಾಕಿದ ಎರಡನೆಯ ಬೇಲಿ. ಹಿಬಾರಿಯ ಬಗ್ಗೆ ಎಲ್ಲಿ ಓದಿದರೂ ಮೊದಲ ಸಾಲು 'ಎಂಕಾದ ರಾಣಿ' ಎಂದಿರುತ್ತದೆ. ಎಂಕಾ ಎಂದರೆ ಮದ್ಯ, ಮಳೆ, ಬಂದರು, ಬಿಟ್ಟುಹೋದ ಪ್ರಿಯತಮ, ಊರಿನ ನೆನಪು ಇವುಗಳನ್ನು ನಡುಗುವ ದನಿಯಲ್ಲಿ ಹಾಡುವ ಪ್ರಕಾರ. ಅದರ ಜೊತೆಗೇ ಇನ್ನೊಂದು ಮಾತು ಬರುತ್ತದೆ: ಎಂಕಾ ಜಪಾನಿನ ಹೃದಯ, ಹಿಬಾರಿ ಆ ಹೃದಯದ ದನಿ.

ಸುಳ್ಳು. 1952ರಲ್ಲೇ ಅವಳು ಮ್ಯಾಂಬೊ ಲಯದಲ್ಲಿ 'ಓಮತ್ಸುರಿ ಮ್ಯಾಂಬೊ' ಹಾಡಿದ್ದಾಳೆ. 1965ರಲ್ಲಿ ನ್ಯಾಟ್ ಕಿಂಗ್ ಕೋಲ್ ತೀರಿಕೊಂಡಾಗ ಅವನ ನೆನಪಿಗೆ ಇಡೀ ಒಂದು ಜಾಝ್ ಆಲ್ಬಂ ಹಾಡಿದ್ದಾಳೆ. 1967ರಲ್ಲಿ ಎಲೆಕ್ಟ್ರಿಕ್ ಗಿಟಾರಿನ ತಂಡದ ಜೊತೆ ಮಿನಿ ಸ್ಕರ್ಟ್ ತೊಟ್ಟು 'ಮಕ್ಕಾನಾ ತಾಯಿಯೊ' ಹಾಡಿ ಹುಡುಗ ಹುಡುಗಿಯರನ್ನು ಕುಣಿಸಿದ್ದಾಳೆ. ಜೊತೆಗೆ 1964ರ 'ಯಾವಾರಾ', 1966ರ 'ಕನಾಶಿಯ್ ಸಾಕೆ' ಇವೆ. ಇವನ್ನು ಎಂಕಾ ಎನ್ನಬಹುದು. ಆದರೆ ಮೊದಲಿನ ಮೂರನ್ನು ಬದಿಗೆ ಸರಿಸಿ ಕೊನೆಯ ಎರಡನ್ನು ಮಾತ್ರ ಅವಳ ಆತ್ಮ ಎನ್ನುವುದು ಯಾವ ನ್ಯಾಯ?

ಎಂಕಾ ಎಂಬ ಪ್ರಕಾರವೇ ಅಷ್ಟು ಹಳೆಯದಲ್ಲ. ಪದ ಹಳೆಯದು. 1880ರ ದಶಕದಲ್ಲಿ ಜನರ ಹಕ್ಕುಗಳಿಗಾಗಿ ಹೋರಾಡಿದವರು ಸರ್ಕಾರ ಭಾಷಣಗಳ ಮೇಲೆ ಕಣ್ಣಿಟ್ಟಾಗ ಭಾಷಣವನ್ನೇ ಬೀದಿಯಲ್ಲಿ ಹಾಡಿದರು. ಎಂಕಾ ಅಂದರೆ ಆಗ ಭಾಷಣದ ಹಾಡು, ಸರ್ಕಾರವನ್ನು ಛೇಡಿಸುವ ಹಾಡು. ಇಂದಿನ ಅರ್ಥದ ಎಂಕಾ ಗಟ್ಟಿಯಾದದ್ದು 1960ರ ದಶಕದ ಕೊನೆಯಲ್ಲಿ. ಸಂಗೀತ ವಿದ್ವಾಂಸ ವಾಜಿಮಾ ಯೂಸುಕೆ 2010ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ: 'ಜಪಾನಿನ ಹೃದಯ' ಎಂಬುದು ರೆಕಾರ್ಡು ಕಂಪನಿಗಳು, ಬರಹಗಾರರು, ಬುದ್ಧಿಜೀವಿಗಳು ಸೇರಿ ಕಟ್ಟಿದ ಕಥೆ. ಯುವಕರು ರಾಕ್ ಕಡೆ ಹೋದಾಗ ಉಳಿದವರಿಗೆ ಒಂದು ಅಂಗಡಿ ಬೇಕಿತ್ತು. ಅಂಗಡಿಗೆ 'ಪರಂಪರೆ' ಎಂಬ ಬೋರ್ಡು ಹಾಕಿದರು. ಬಾಗಿಲಲ್ಲಿ ಹಿಬಾರಿಯನ್ನು ನಿಲ್ಲಿಸಿದರು.

ಹೃದಯದ ಈ ರಾಷ್ಟ್ರೀಕರಣ ಎಷ್ಟು ಟೊಳ್ಳು ಎಂಬುದಕ್ಕೆ ನನ್ನದೇ ಕಿವಿಯ ಸಾಕ್ಷಿ ಇದೆ. ಜಪಾನಿನ ಬಹಳಷ್ಟು ಜನಪ್ರಿಯ ಹಾಡುಗಳು ನಾಲ್ಕನೆಯ ಮತ್ತು ಏಳನೆಯ ಸ್ವರ ಬಿಟ್ಟ ಐದು ಸ್ವರಗಳ ಶ್ರೇಣಿಯಲ್ಲಿವೆ. ಅದರ ಒಂದು ರೂಪದಲ್ಲಿ ಉಳಿಯುವುದು ಸ, ರಿ, ಗ, ಪ, ದ. ಅಂದರೆ ನಮ್ಮ ಮೋಹನ. ಹಾಸ್ಟೆಲಿನಲ್ಲಿ ಇಂಥದ್ದೊಂದು ಜಪಾನಿ ಹಾಡು ಹಾಕಿದ್ದಾಗ ಪಕ್ಕದ ರೂಮಿನವಳು ಬಾಗಿಲಿಗೆ ಬಂದು "ಇದ್ಯಾವ ಭಾಷೆಯ ಭಾವಗೀತೆ ಕಣೇ?" ಎಂದಿದ್ದಳು. ಅಲ್ಲಿನವರು ಈ ಶ್ರೇಣಿಯನ್ನು ಮೇಜಿ ಕಾಲದಲ್ಲಿ ಪಾಶ್ಚಾತ್ಯ ಸಂಗೀತದ ಜೊತೆ ಹೊಂದಿಸಿಕೊಂಡರು. ಮೋಹನ ಕೇಳಿ ಬೆಳೆದ ನಮಗೆ ಅದು ಪರದೇಶದ್ದು ಎನಿಸುವುದೇ ಇಲ್ಲ. ಹಾಡಿಗೆ ಪಾಸ್‌ಪೋರ್ಟ್ ಮಾಡಿಸಿ ಕೊಡುವವರು ಹಾಡುವವರಲ್ಲ.

ಈಗ ಬರುವುದು ಅವಳ ಬದುಕಿನ ಕೊಳಕು ಎನ್ನಲಾಗುವ ಭಾಗ. ಅದನ್ನು ಮುಚ್ಚಿಡುವುದಿಲ್ಲ. ಯುದ್ಧಾನಂತರದ ಜಪಾನಿನಲ್ಲಿ ಊರೂರಿನ ಪ್ರದರ್ಶನಗಳು ಯಾಕುಜಾ ಗುಂಪುಗಳ ಹಿಡಿತದಲ್ಲಿದ್ದವು. ಹಿಬಾರಿಯ ಪ್ರದರ್ಶನಗಳ ಹಿಂದೆ ಯಮಾಗುಚಿ-ಗುಮಿ ಎಂಬ ದೊಡ್ಡ ಗುಂಪಿನ ಮೂರನೆಯ ನಾಯಕ ತಾಓಕಾ ಕಜುಓ ಇದ್ದ. ಇದು ಎಲ್ಲರಿಗೂ ಗೊತ್ತಿತ್ತು. ರೆಕಾರ್ಡು ಮಾರಿದವರಿಗೂ ಗೊತ್ತಿತ್ತು, ಸಭಾಂಗಣ ಬಾಡಿಗೆಗೆ ಕೊಟ್ಟವರಿಗೂ ಗೊತ್ತಿತ್ತು, ಟಿವಿಗೂ ಗೊತ್ತಿತ್ತು. ಎನ್‌ಎಚ್‌ಕೆ ಪ್ರತಿ ಡಿಸೆಂಬರ್ 31ರ ರಾತ್ರಿ ನಡೆಸುವ 'ಕೊಹಾಕು' ಎಂಬ ಹಾಡಿನ ಕಾರ್ಯಕ್ರಮವನ್ನು ಜಪಾನಿನ ಮನೆಮನೆಯಲ್ಲಿ ನೋಡುತ್ತಾರೆ. ಅದರಲ್ಲಿ ಮಹಿಳೆಯರ ತಂಡದ ಕೊನೆಯ ಹಾಡು ದೊಡ್ಡ ಗೌರವದ ಜಾಗ. 1963ರಿಂದ 1972ರವರೆಗೆ ಸತತ ಹತ್ತು ವರ್ಷ ಆ ಜಾಗ ಹಿಬಾರಿಯದ್ದು. ಆ ಹತ್ತು ವರ್ಷವೂ ತಾಓಕಾ ಇದ್ದ.

1973ರಲ್ಲಿ ಅವಳ ತಮ್ಮ ಯಾಕುಜಾ ನಂಟಿನ ಪ್ರಕರಣದಲ್ಲಿ ಸಿಕ್ಕಿಬಿದ್ದ. ಒಮ್ಮೆಲೇ ಎಲ್ಲರೂ ಶುದ್ಧರಾದರು. ಊರೂರಿನ ಸಾರ್ವಜನಿಕ ಸಭಾಂಗಣಗಳು ಅವಳಿಗೆ ಬಾಗಿಲು ಹಾಕಿದವು. ಕೊಹಾಕುವಿನ ಪಟ್ಟಿಯಿಂದ ಹೆಸರು ಬಿತ್ತು. ತಮ್ಮನನ್ನು ದೂರವಿಟ್ಟರೆ ಸಾಕು ಎಂಬ ದಾರಿ ಇತ್ತು. ಅವಳು ದೂರವಿಡಲಿಲ್ಲ. ಅದು ಸರಿಯೋ ತಪ್ಪೋ, ಅಕ್ಕ ತಮ್ಮಂದಿರ ನಡುವಿನ ವಿಷಯ. ನನ್ನ ಸಿಟ್ಟು ಬೇರೆ. ಇಡೀ ಉದ್ಯಮವೇ ಒಂದು ವ್ಯವಸ್ಥೆಯ ಅನ್ನ ತಿಂದು ಬೆಳೆದು, ಕೈ ತೊಳೆಯುವ ದಿನ ಬಂದಾಗ ಕೊಳೆಯನ್ನೆಲ್ಲ ಒಬ್ಬ ಹಾಡುಗಾರ್ತಿಯ ಸೆರಗಿಗೆ ಒರೆಸಿತು.

ಅವಳು ಏನು ಮಾಡಿದಳು? ಬೇಡಿಕೊಳ್ಳಲಿಲ್ಲ. ಹಲವು ವರ್ಷ ಎನ್‌ಎಚ್‌ಕೆಯ ಕಡೆ ತಲೆಹಾಕಲಿಲ್ಲ. 1979ರಲ್ಲಿ ಒಮ್ಮೆ ವಿಶೇಷ ಅತಿಥಿಯಾಗಿ ಕೊಹಾಕುವಿಗೆ ಹೋಗಿ ಬಂದಳು. ಆಮೇಲೆ ಸಾಯುವವರೆಗೆ ಆ ವೇದಿಕೆ ಹತ್ತಲಿಲ್ಲ. ಈ ಮೌನವೂ ಅವಳ ಹಾಡುಗಾರಿಕೆಯ ಭಾಗ ಎಂಬುದು ನನ್ನ ಗಟ್ಟಿ ನಂಬಿಕೆ. ಒಬ್ಬ ಗಾಯಕಿ ಎಲ್ಲಿ ಹಾಡಿದಳು ಎಂಬುದರಷ್ಟೇ ಎಲ್ಲಿ ಹಾಡಲಿಲ್ಲ ಎಂಬುದೂ ಅವಳ ಚರಿತ್ರೆ.

ಎಲ್ಲಿ ಹಾಡಿದಳು ಎಂಬುದಕ್ಕೆ ಒಂದು ಉದಾಹರಣೆ. ಬಾಗಿಲುಗಳು ಮುಚ್ಚಿದ ಮರುವರ್ಷ, 1974ರ ಆಗಸ್ಟಿನಲ್ಲಿ, ಹಿರೋಶಿಮಾದ ಮೊದಲ ಶಾಂತಿ ಸಂಗೀತೋತ್ಸವದಲ್ಲಿ ಅವಳು 'ಇಪ್ಪೊನ್ ನೊ ಎಂಪಿತ್ಸು' ಹಾಡಿದಳು. 'ಒಂದು ಪೆನ್ಸಿಲ್' ಎಂದು ಅರ್ಥ. ಯುದ್ಧದ ವಿರುದ್ಧದ ಹಾಡು. ತಂದೆಯನ್ನು ಯುದ್ಧಕ್ಕೆ ಕಳಿಸುವಾಗ ಹಾಡಿದ್ದ ಹುಡುಗಿ, ತನ್ನ ಹುಟ್ಟುಹಬ್ಬದ ದಿನ ಊರು ಸುಟ್ಟುಹೋದ ಹುಡುಗಿ, ಆ ಹಾಡು ಹಾಡಿದಳು. 1988ರಲ್ಲಿ ನಿಲ್ಲಲೂ ಕಷ್ಟವಾಗುವ ಸ್ಥಿತಿಯಲ್ಲಿ ಮತ್ತೆ ಅದೇ ಉತ್ಸವಕ್ಕೆ ಹೋದಳು. 'ಜಪಾನಿನ ಹೃದಯ' ಎಂದು ಬೋರ್ಡು ಬರೆದವರು ಈ ಹಾಡನ್ನು ಅಂಗಡಿಯ ಮುಂದೆ ಇಡುವುದು ಕಡಿಮೆ.

1980ರ ದಶಕ ಅವಳಿಗೆ ಸಾವುಗಳ ದಶಕ. 1981ರಲ್ಲಿ ತಾಯಿ ಹೋದಳು. ಆ ತಾಯಿ ಮಗಳನ್ನು ಜನ ಅವಳಿಗಳು ಎನ್ನುತ್ತಿದ್ದರು. ಮರುವರ್ಷ ಗೆಳತಿ, ಗಾಯಕಿ ಎರಿ ಚಿಎಮಿ. 1983ರಲ್ಲಿ ಒಬ್ಬ ತಮ್ಮ, 1986ರಲ್ಲಿ ಇನ್ನೊಬ್ಬ. 1987ರಲ್ಲಿ ಅವಳೇ ಆಸ್ಪತ್ರೆ ಸೇರಿದಳು. ಯಕೃತ್ತು ಹಾಳಾಗಿತ್ತು, ತೊಡೆಯ ಮೂಳೆಯ ತುದಿಗಳು ಸಾಯುತ್ತಿದ್ದವು. ಆದರೂ 1988ರ ಏಪ್ರಿಲ್ 11ರಂದು ಹೊಸದಾಗಿ ತೆರೆದ ಟೋಕಿಯೋ ಡೋಮ್‌ನಲ್ಲಿ ಸುಮಾರು 50 ಸಾವಿರ ಜನರ ಎದುರು ಹೆಚ್ಚುಕಡಿಮೆ 40 ಹಾಡು ಹಾಡಿದಳು. ಕೊನೆಗೆ ಜನರ ನಡುವೆ ಹಾಕಿದ 100 ಮೀಟರ್ ಉದ್ದದ ದಾರಿಯಲ್ಲಿ ಕೈ ಬೀಸುತ್ತ ನಡೆದು ಹೋದಳು. ಆ ನಡಿಗೆಯ ವಿಡಿಯೊ ಇದೆ, ನೋಡಿ. ಮುಖದಲ್ಲಿ ನಗು. ಕಾಲು ಬೇರೆಯೇ ಹೇಳುತ್ತದೆ.

1989ರ ಜೂನ್ 24ರಂದು, 52ನೆಯ ವಯಸ್ಸಿಗೆ ಅವಳು ತೀರಿಕೊಂಡಳು. ಮರುತಿಂಗಳು ಸರ್ಕಾರ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು. ಅದನ್ನು ಪಡೆದ ಮೊದಲ ಮಹಿಳೆ ಅವಳು. ಬದುಕಿದ್ದಾಗ ಊರಿನ ಸಭಾಂಗಣ ಕೊಡದ ದೇಶ, ಸತ್ತ ಮೇಲೆ ಪ್ರಶಸ್ತಿ ಕೊಟ್ಟಿತು. ಈ ರೀತಿ ನಮಗೇನೂ ಹೊಸದಲ್ಲ.

ಈಗ ಆ ಸಂಕಿರಣದ ವಿಡಿಯೊಕ್ಕೆ ಬರೋಣ. 2019ರಲ್ಲಿ ಯಮಹಾ ಕಂಪನಿಯ ತಂತ್ರಜ್ಞಾನ ಬಳಸಿ, ಅವಳ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಉಣಿಸಿ, ಅವಳು ಎಂದೂ ಕೇಳಿರದ 'ಅರೆಕರಾ' ಎಂಬ ಹೊಸ ಹಾಡನ್ನು ಹಾಡಿಸಿದರು. ಸಾಹಿತ್ಯ ಅಕಿಮೊತೊ ಯಾಸುಶಿ ಅವರದು. ಅವಳು ಸಾಯುವ ವರ್ಷ ಬಂದ 'ಕಾವಾ ನೊ ನಗಾರೆ ನೊ ಯೋನಿ' ಬರೆದವರೂ ಅವರೇ. ಹಾಡಿನ ಮಧ್ಯೆ ಮಾತೂ ಇದೆ. ಸತ್ತ ಹಿಬಾರಿ ಬದುಕಿರುವವರಿಗೆ, ನಿಮ್ಮನ್ನು ನೋಡುತ್ತಲೇ ಇದ್ದೆ, ಕಷ್ಟಪಟ್ಟಿರಿ, ಇನ್ನೂ ಮುಂದೆ ಸಾಗಿ ಎಂಬರ್ಥದ ಸಾಂತ್ವನ ಹೇಳುತ್ತಾಳೆ. ಆ ಮಾತಿನ ದನಿ ಕಟ್ಟಲು, ಹಿಂದೆ ಅವಳು ದತ್ತು ಮಗನಿಗೆಂದು ಕಥೆ ಓದಿ ಮುದ್ರಿಸಿಟ್ಟಿದ್ದ ಟೇಪುಗಳನ್ನೂ ಬಳಸಿದರು.

ಮಾಡಿಸಿದ್ದು ಯಾರು? ಎನ್‌ಎಚ್‌ಕೆ. ಮೊದಲು ವಿಶೇಷ ಕಾರ್ಯಕ್ರಮವಾಗಿ, ಆಮೇಲೆ ಅದೇ ವರ್ಷದ ಡಿಸೆಂಬರ್ 31ರಂದು ಕೊಹಾಕುವಿನಲ್ಲಿ. 1946ರಲ್ಲಿ ಮಗುವಿನ ಹಾಗಿಲ್ಲ ಎಂದು ತಿರಸ್ಕರಿಸಿದ ಮನೆ. 1973ರಲ್ಲಿ ಮರ್ಯಾದೆಯ ಕಾರಣಕ್ಕೆ ಹೊರಗಿಟ್ಟ ಮನೆ. ಅವಳು ತಾನಾಗಿ ಹತ್ತದೇ ಬಿಟ್ಟ ವೇದಿಕೆ. ಅಲ್ಲಿಗೇ ಅವಳನ್ನು ಕರೆತಂದರು. ಈ ಸಲ ಬರುವುದಿಲ್ಲ ಎನ್ನಲು ಅವಳಿರಲಿಲ್ಲ. 2019ರ ಜನ 1973ರ ಜನರಲ್ಲ, ಒಪ್ಪುತ್ತೇನೆ. ಆದರೆ ಸಂಸ್ಥೆಗೆ ನೆನಪು ಇರಬೇಕು. ನೆನಪಿಡುವುದೇ ಅದರ ಕೆಲಸ ಎಂದು ತಾನೇ ಅದು ಸಂಗ್ರಹಾಲಯ ಇಟ್ಟುಕೊಂಡಿರುವುದು?

ಮಗ ಒಪ್ಪಿದ್ದಾನಲ್ಲ, ನಿಮ್ಮದೇನು ತಕರಾರು ಎನ್ನುತ್ತಾರೆ. ಹೌದು, ಒಪ್ಪಿದ್ದಾರೆ. ತಾಯಿಯ ದನಿ ಮತ್ತೊಮ್ಮೆ ಕೇಳುವ ಮಗನ ಆಸೆಯನ್ನು ಹಂಗಿಸುವಷ್ಟು ಕಲ್ಲೆದೆ ನನಗಿಲ್ಲ. ಆದರೆ ಮನೆ, ಹೊಲ, ರಾಯಧನ ಮಕ್ಕಳಿಗೆ ಬರುತ್ತದೆ. ತಾಯಿಯ ಬಾಯಲ್ಲಿ ಹೊಸ ಮಾತು ಹಾಕುವ ಹಕ್ಕೂ ಆಸ್ತಿಯ ಜೊತೆ ಬರುತ್ತದೆಯೇ? ಹಳೆಯ ರೆಕಾರ್ಡು ಮರುಮುದ್ರಿಸಲು ವಾರಸುದಾರರ ಸಹಿ ಸಾಕು. ಅವಳು ಹೇಳದ್ದನ್ನು ಹೇಳಿಸಲು ಯಾರ ಸಹಿಯೂ ಸಾಲದು.

ಜನ ಅತ್ತರಲ್ಲ ಎನ್ನುತ್ತಾರೆ. ಅಳು ನಿಜ. ಅಳುವವರನ್ನು ನಾನು ಗೇಲಿ ಮಾಡುತ್ತಿಲ್ಲ, ಆ ವಿಡಿಯೊ ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಕಣ್ಣೀರು ಯಾವುದಕ್ಕೂ ಪರವಾನಗಿಯಲ್ಲ. ಅಂದು ಅತ್ತವರು ಅತ್ತದ್ದು ಯಂತ್ರಕ್ಕಲ್ಲ, ತಾವು ಬದುಕಿ ಬಂದ ಕಾಲಕ್ಕೆ, 1988ರಲ್ಲಿ ನೋಯುವ ಕಾಲಿನಲ್ಲಿ ನಡೆದವಳಿಗೆ. ಆ ಸಾಲವನ್ನು ಯಂತ್ರ ತನ್ನ ಖಾತೆಗೆ ಬರೆದುಕೊಂಡಿತು. ಹಾಡುಗಾರ ಯಮಾಶಿತಾ ತತ್ಸುರೋ 2020ರ ಆರಂಭದಲ್ಲಿ ತಮ್ಮ ರೇಡಿಯೊ ಕಾರ್ಯಕ್ರಮದಲ್ಲಿ ಇದನ್ನು ಒಂದೇ ಮಾತಿನಲ್ಲಿ ಅಪಚಾರ ಎಂದರು. ಹಾಡುವವರಿಗೆ ಗೊತ್ತಾಗುತ್ತದೆ.

ಇದು ದೂರದ ಜಪಾನಿನ ಮಾತು ಎಂದು ನಾವು ಸುಮ್ಮನಿರುವಂತಿಲ್ಲ. 2024ರಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ತಮಿಳು ಚಿತ್ರವೊಂದರಲ್ಲಿ ಬಳಸಿದರು. ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು. ಅದೇ ವರ್ಷ ತೆಲುಗು ಚಿತ್ರವೊಂದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಒಪ್ಪಿಗೆ ಇಲ್ಲದೆ ಮರುಸೃಷ್ಟಿಸಿದ್ದಾರೆಂದು ಅವರ ಕುಟುಂಬ ನೋಟಿಸ್ ಕಳಿಸಿತು. ಕನ್ನಡದ ಮಕ್ಕಳನ್ನು 'ಎದೆ ತುಂಬಿ ಹಾಡುವೆನು' ವೇದಿಕೆಯಲ್ಲಿ ಕೂರಿಸಿಕೊಂಡು, ಇಲ್ಲಿ ಉಸಿರು ತೆಗೆದುಕೋ ಮರಿ ಎಂಬಂತೆ ತಿದ್ದಿದ ದನಿ ಅದು. ನಾಳೆ ಆ ದನಿ ಯಾವುದೋ ಚುನಾವಣೆಯ ಹಾಡು ಹಾಡಿದರೆ? ಯಾವುದೋ ಗುಟ್ಕಾ ಜಾಹೀರಾತಿಗೆ ಹಾಡಿದರೆ? ತಮಗೆ ಬೇಡವೆನಿಸಿದ್ದನ್ನು ಹಾಡದೆ ಬಿಡುವ ಅವರ ಹಕ್ಕನ್ನು ನಾವು ಯಾವ ಕಡತದಲ್ಲಿ ಹುಡುಕುತ್ತೇವೆ?

ಸಂಶೋಧನೆ ಮಾಡುವ ನಮ್ಮಂಥವರಿಗೂ ಇದರಲ್ಲಿ ಪಾಲಿದೆ. ಜನಪ್ರಿಯ ಹಾಡೆಂದರೆ ನಮಗೆ ಒಂದೋ ಹಳೆಯ ನೆನಪು, ಇಲ್ಲವೇ ದತ್ತಾಂಶ. ಎರಡರಲ್ಲೂ ಹಾಡಿದವಳಿಗೆ ಜಾಗವಿಲ್ಲ. ಹಿಬಾರಿಯನ್ನು ತೀರ್ಪುಗಾರರು ಮಗುವಾಗು ಎಂದರು, ಕಂಪನಿಗಳು ಪರಂಪರೆಯಾಗು ಎಂದವು, ಟಿವಿ ಮರ್ಯಾದಸ್ಥಳಾಗು ಎಂದಿತು, ಕೊನೆಗೆ ಯಂತ್ರ ಬಂದು ಬರೀ ದನಿಯಾಗು ಎಂದಿತು. ನಾಲ್ಕೂ ಸಲ ಅವಳು ಯಾರು ಎಂದು ಬೇರೆಯವರೇ ಹೇಳಿದರು. ನನ್ನ ಪ್ರಬಂಧದಲ್ಲಿ ನಾನೂ ಐದನೆಯವಳಾಗಬಾರದಲ್ಲ ಎಂಬ ಭಯ ನನಗಿದೆ.

ಸತ್ತವರನ್ನು ಕೇಳೋಕಾಗುತ್ತೇನಮ್ಮ ಎಂದರಲ್ಲ, ಆಗುತ್ತದೆ ಸರ್. ಕನ್ನಡದಲ್ಲಿ 'ಕೇಳು' ಎಂದರೆ ಪ್ರಶ್ನಿಸು ಎಂದೂ ಹೌದು, ಆಲಿಸು ಎಂದೂ ಹೌದು. ಅವಳು ಸುಮಾರು 1500 ಹಾಡು ಮುದ್ರಿಸಿ ಹೋಗಿದ್ದಾಳೆ. ಎಲ್ಲಿ ಹಾಡುವುದಿಲ್ಲ ಎಂದು ನಿಂತಳು ಎಂಬುದನ್ನೂ ದಾಖಲೆಯಲ್ಲಿ ಬಿಟ್ಟು ಹೋಗಿದ್ದಾಳೆ. ಉತ್ತರ ಅಲ್ಲೇ ಇದೆ. ಹೊಸ ಹಾಡು ಹಾಡಿಸುವ ಮೊದಲು ಅದನ್ನು ಪೂರ್ತಿ ಕೇಳಿ.